ಹಲ್ಲುಗತ್ತರಿ

ಬೆಳಗಿನಿಂದ ಟೈಲರು ಒಂದು ಕಡೆ ಕೂತಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂರುವುದು, ಪೆಡಲಿನ ಮೇಲೆ ಕಾಲಿಡುವುದು, ಅಷ್ಟರಲ್ಲಿ ಬೀದಿಯಲ್ಲಿ ಕಾರಿನ ಸದ್ದಾದರೆ ಎದ್ದು ಬಾಗಿಲಿಗೆ ಹೋಗಿ ಇಣುಕುವುದು, ತಮ್ಮ ಮನೆಗೆ ಬರುವ ಕಾರಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಬಂದು ಕೂರುವುದು. ಹೀಗೆ ಎದ್ದು ಕೂತು, ಎದ್ದು ಕೂತು, ಸ್ಕೂಲಿನ ಟೀಚರಮ್ಮನ ಕೋಟಿಗೆ ಒಂದು ತೋಳು ಕೂರಿಸುವಷ್ಟರಲ್ಲಿ ಹೊತ್ತು ಏರಿತ್ತು. ಮಗಳು ಆಸ್ಪತ್ರೆಯಿಂದ ಮೊಮ್ಮಗಳನ್ನು ಕರೆದುಕೊಂಡು ಬರುವುದು ಮಧ್ಯಾಹ್ನ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಟೈಲರಿಗೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ತಲೆಗೆ. ಕಾಲುಗಳಿಗೆ ಯಾರು ಹೇಳಬೇಕು?

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಅಡುಗೆಮನೆ, ಎರಡು ಕೋಣೆ, ಬಟ್ಟೆ ಒಣಗಿಸುವಷ್ಟು ಜಾಗ. ನಡುವಿನ ಗೋಡೆ ಎಷ್ಟು ತೆಳುವೆಂದರೆ, ಅಂಗಡಿಯಲ್ಲಿ ಗುಂಡಿ ಬಿದ್ದರೆ ಒಳಗಿಂದ ಹೆಂಡತಿ "ಏನ್ರೀ ಬಿತ್ತು?" ಎಂದು ಕೇಳುತ್ತಿದ್ದರು. ಇವತ್ತು ಅವರು ಮಗುವಿನ ಕೋಣೆಯ ಕಿಟಕಿ ಗಾಜನ್ನು ಮೂರನೆಯ ಸಲ ಒರೆಸುತ್ತಿದ್ದರು.

"ಮತ್ತೆ ಕೆಮ್ಮಿದ್ರಾ?"

"ಕೆಮ್ಮಲ್ಲ ಕಣೇ. ಗಂಟಲು ಸರಿ ಮಾಡ್ಕೊಂಡೆ."

"ಮೊನ್ನೆಯಿಂದ ಸರಿ ಮಾಡ್ಕೋತಾನೇ ಇದ್ದೀರಿ. ಇನ್ನೂ ಸರಿ ಹೋಗಿಲ್ವಾ?"

"ಧೂಳು. ಈ ಉಣ್ಣೆ ಬಟ್ಟೆ ಇದೆಯಲ್ಲ, ಇದರ ಎಳೆ ಸೀದಾ ಗಂಟಲಿಗೇ ಹೋಗುತ್ತೆ."

ಹೆಂಡತಿ ಮತ್ತೆ ಗಾಜು ಒರೆಸತೊಡಗಿದರು. ನಂಬಿದ್ದರಿಂದಲ್ಲ, ಇವತ್ತೇ ಜಗಳ ಆಡಲು ಪುರುಸೊತ್ತಿರಲಿಲ್ಲ. ಟೈಲರಿಗೆ ಮಾತ್ರ ತಾನು ಹೇಳಿದ್ದರಲ್ಲಿ ಪೂರ್ತಿ ನಂಬಿಕೆಯಿತ್ತು. ಬೇಕಾದದ್ದನ್ನು ನಂಬುವುದಕ್ಕೆ ಮನುಷ್ಯನಿಗೆ ಎಷ್ಟು ಹೊತ್ತು ಬೇಕು?

ಬೀದಿಯವರು ಅವರಿಗೆ ಇಟ್ಟಿದ್ದ ಹೆಸರು ಹಲ್ಲುಗತ್ತರಿ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಆಡಿದ್ದು ಒಮ್ಮೆ ಕಿವಿಗೆ ಬಿದ್ದಾಗ ಅವರಿಗೆ ಬೇಜಾರಾಗಲಿಲ್ಲ, ಒಳಗೊಳಗೇ ಖುಷಿಯೇ ಆಯಿತು. ಹೊಲಿಗೆ ಮುಗಿದ ಕೂಡಲೇ ಬಟ್ಟೆಯನ್ನು ಬಾಯಿಗೆ ತಂದು, ದಾರದ ಬುಡಕ್ಕೇ ಹಲ್ಲು ಹಾಕಿ, ಪಟ್ಟನೆ ಕಡಿಯುವುದು. ಆಮೇಲೆ ನೂಲಿನ ಚೂರು, ಸೀಮೆಸುಣ್ಣದ ಪುಡಿ ಹಾರಿಹೋಗುವಂತೆ "ಉಫ್" ಎಂದು ಊದುವುದು. ಕಡಿದು ಊದಿದರೆ ಆ ಬಟ್ಟೆ ಮುಗಿಯಿತು ಎಂದೇ ಅರ್ಥ. ಕತ್ತರಿ ಹುಡುಕಿ, ಎತ್ತಿ, ಕತ್ತರಿಸಿ, ಕೆಳಗಿಡುವ ಹೊತ್ತಿಗೆ ಇನ್ನೊಂದು ಗುಂಡಿ ಹೊಲಿದು ಮುಗಿಸಬಹುದು ಎನ್ನುವುದು ಅವರ ವಾದ. ಎರಡು ಕೈಯೂ ದುಡಿಯುತ್ತಿರುವಾಗ ಬಾಯಿ ಮಾತ್ರ ಯಾಕೆ ಸುಮ್ಮನಿರಬೇಕು? ಗಿರಾಕಿಗೆ ಕೋಟು ತೊಡಿಸಿ ನೋಡುವಾಗ ಗುಂಡುಸೂಜಿಗಳೆಲ್ಲ ಇರುತ್ತಿದ್ದುದೂ ಅವರ ತುಟಿಗಳ ನಡುವೆಯೇ.

ಹಾಗಾಗಿ ಊರಲ್ಲೆಲ್ಲ ನೆಗಡಿ, ಕೆಮ್ಮು, ಜ್ವರ ಹಬ್ಬಿ, ಮಾಸ್ಕ್ ಹಾಕಿಕೊಳ್ಳಿ ಎಂದು ಗೋಡೆಗೋಡೆಗೆ ಚೀಟಿ ಅಂಟಿದಾಗ ಟೈಲರೂ ಒಂದು ಹಾಕಿಕೊಂಡರು, ಗದ್ದಕ್ಕೆ. ಮೂಗಿಗೆ ಏರಿಸಿದರೆ ಕನ್ನಡಕ ಮಂಜಾಗುತ್ತದೆ, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ದಾರ ಕಡಿಯಲಂತೂ ಆಗುವುದೇ ಇಲ್ಲ. ಒಟ್ಟಿನಲ್ಲಿ ತಮ್ಮ ಗದ್ದಕ್ಕೆ ನೆಗಡಿಯಾಗದಂತೆ ಅವರು ಬಹಳ ಎಚ್ಚರ ವಹಿಸಿದ್ದರು.

ಮೊಮ್ಮಗಳು ಡಾಕ್ಟರು ಹೇಳಿದ್ದಕ್ಕಿಂತ ಎರಡು ತಿಂಗಳು ಮೊದಲೇ ಹುಟ್ಟಿಬಿಟ್ಟಿದ್ದಳು. ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೆ ನಳಿಕೆ ಹಾಕಿದ್ದರು. ಟೈಲರು ಒಂದೇ ಒಂದು ಸಲ, ಹೊರಗಿನ ಕಿಟಕಿಯಿಂದ, ಅವಳನ್ನು ನೋಡಿದ್ದರು. ಮಗು ಎನ್ನುವಷ್ಟೂ ಇರಲಿಲ್ಲ ಅದು. ಅವತ್ತು ಮನೆಗೆ ಬಂದು ಅಂಗಡಿಯ ದೀಪ ಆರಿಸಿ ಕೂತಿದ್ದರು. ಅಂದಿನಿಂದ ಅವರ ತಲೆಯಲ್ಲಿ ಇದ್ದದ್ದು ಒಂದೇ: ಆ ಮಗು ಮನೆಗೆ ಬರಬೇಕು, ಅದನ್ನು ಒಮ್ಮೆ ಎತ್ತಿಕೊಳ್ಳಬೇಕು. ಅದಕ್ಕಿಂತ ಹೆಚ್ಚಿನದೇನನ್ನೂ ಅವರು ಬಯಸಿರಲಿಲ್ಲ. ಎರಡು ತಿಂಗಳು ಕಾದಿದ್ದರು.

ಆಸ್ಪತ್ರೆಗೆ ಹತ್ತಿರವೆಂದು ಮಗಳು ಇಲ್ಲಿಗೇ ಬರುವುದೆಂದು ತೀರ್ಮಾನವಾಗಿತ್ತು. ಕಳೆದ ವಾರ ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪ ಮಗಳ ನಡುವೆ ಮಾಸ್ಕಿನ ವಿಷಯಕ್ಕೆ ಮಾತು ಬೆಳೆದಿತ್ತು.

"ಅಪ್ಪಾ, ಮಗು ಇರೋ ಕೋಣೆಗೆ ಬರೋರೆಲ್ಲ ಮಾಸ್ಕ್ ಹಾಕ್ಲೇಬೇಕು. ಮೂಗು ಬಾಯಿ ಎರಡೂ ಮುಚ್ಚಬೇಕು. ನಿನ್ನ ಥರ ಗದ್ದಕ್ಕಲ್ಲ."

"ನಾನೂನಾ? ನಿನ್ನ ಎತ್ತಿ ಆಡಿಸುವಾಗ ನಾನು ಮೂತಿ ಕಟ್ಕೊಂಡಿದ್ನಾ? ಏನಾಯ್ತು ನಿಂಗೆ? ಗುಂಡುಕಲ್ಲಿನ ಹಾಗೆ ಬೆಳೆದೆ."

"ನಾನು ತಿಂಗಳು ತುಂಬಿ ಹುಟ್ಟಿದ್ದೆ."

"ಅಲ್ಲಮ್ಮ, ಮೊದಲನೇ ಸಲ ತಾತನ್ನ ನೋಡುತ್ತೆ ಅದು. ಕಳ್ಳನ ಹಾಗೆ ಮುಖ ಮುಚ್ಕೊಂಡು ನಿಂತ್ಕೊಳ್ಲಾ? ಹೆದರ್ಕೊಳ್ಳಲ್ವಾ?"

ಮಗಳು ನಗಲಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟ ಅವಳ ಮುಖದಲ್ಲಿ ನಗುವಿಗೆ ಜಾಗವಿರಲಿಲ್ಲ. "ಅಪ್ಪಾ, ನಾವು ಸುಮ್ನೆ ಉಸಿರಾಡ್ತೀವಿ. ಗೊತ್ತೇ ಆಗಲ್ಲ. ಅವಳಿಗೆ ಉಸಿರಾಡೋದೇ ಒಂದು ಕೆಲಸ. ದಿನಾ ಕಷ್ಟಪಟ್ಟು ಮಾಡ್ತಿದಾಳೆ. ನರ್ಸ್ ಬಿಡಿಸಿ ಹೇಳಿದ್ರು, ನಿಮಗೆ ಬರೀ ನೆಗಡಿ ಆಗಿರುತ್ತೆ, ಅದೇ ನೆಗಡಿ ಇವಳಿಗೆ ಅಂಟಿದ್ರೆ ಮತ್ತೆ ಆ ನಳಿಕೆ, ಮತ್ತೆ ಆ ಪೆಟ್ಟಿಗೆ. ಇನ್ನೊಂದ್ಸಲ ನನ್ ಕೈಲಿ ಆಗಲ್ಲಪ್ಪ."

ಕೊನೆಯ ಮಾತಿಗೆ ಟೈಲರು ತಣ್ಣಗಾದರು. ಸೋತೆ ಎಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲವಾದ್ದರಿಂದ, "ಸರಿ, ಮನೆಯೋರಿಗೆಲ್ಲ ಮಾಸ್ಕ್ ನಾನೇ ಹೊಲಿದು ಕೊಡ್ತೀನಿ. ಕೊಂಡು ತರೋದು ಯಾಕೆ? ಕಿವಿ ಹಿಂದೆ ಕೊರೆಯುತ್ತೆ ಅಂತ ನೀನೇ ಹೇಳ್ತಿದ್ಯಲ್ಲ" ಎಂದರು. ಮಗಳು ನರ್ಸಮ್ಮನನ್ನು ಕೇಳಿಕೊಂಡು ಬಂದಳು. ಒತ್ತಾದ ನೇಯ್ಗೆಯ ಬಟ್ಟೆ, ಮೂರು ಪದರ ಇದ್ದರೆ ಮನೆಯವರಿಗೆ ನಡೆಯುತ್ತದೆ, ಆದರೆ ಬಿಸಿನೀರಿನಲ್ಲಿ ಒಗೆದಿರಬೇಕು.

"ಒಗೆದು ಕೊಡ್ಬೇಕು ಅಪ್ಪ. ಮರೀಬೇಡ."

"ಒಗೆಯದೆ ಕೊಡ್ತೀನಾ?" ಎಂದಿದ್ದರು ಟೈಲರು.

ಹೊಲಿದದ್ದು ಮೊನ್ನೆ. ಎಂದೋ ಎತ್ತಿಟ್ಟಿದ್ದ ತೆಳುಹಳದಿ ಹತ್ತಿ ಬಟ್ಟೆ ಹೊರಗೆ ಬಂತು. ಅಷ್ಟು ನಾಜೂಕಾಗಿ ಅವರು ಯಾರ ಮದುವೆಯ ಕೋಟನ್ನೂ ಹೊಲಿದಿರಲಿಲ್ಲ. ಮೊದಲು ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದರು, ಒಣಗಿಸಿದರು, ಇಸ್ತ್ರಿ ಮಾಡಿದರು. ಕತ್ತರಿಸಿ ಪದರ ಕೂಡಿಸಿ, ನೆರಿಗೆ ಮಡಚಿ, ನೆರಿಗೆಯ ಮೇಲೆ ಮತ್ತೆ ಇಸ್ತ್ರಿ ಎಳೆದರು. ಕಟ್ಟಕಡೆಗೆ ನಾಲ್ಕು ಮೂಲೆಗೂ ಕಿವಿಯ ಪಟ್ಟಿ ಕೂರಿಸಿ, ಗಂಟು ಹಾಕಿ, ಕಡಿದು, ಊದಿ, ಒಂದರ ಮೇಲೊಂದು ಇಟ್ಟರು. ಇವತ್ತು ಬೆಳಿಗ್ಗೆ ಅಳಿಯ ಆಸ್ಪತ್ರೆಗೆ ಹೊರಡುವಾಗ ಹೊಸ ಚೀಲದಲ್ಲಿ ಹಾಕಿ ಕೊಟ್ಟರು.

"ಒಗೆದಿದ್ದೀರಾ ಮಾವ? ಕೇಳ್ಕೊಂಡು ಬನ್ನಿ ಅಂದಿದಾಳೆ."

"ಒಗೆದೇ ಹೊಲಿದಿರೋದು. ಧೈರ್ಯವಾಗಿ ಹಾಕ್ಕೊಳ್ಳಿ."

ಅದು ಸುಳ್ಳಲ್ಲ, ನಿಜವೇ. ಯಾವ ಟೈಲರನ್ನು ಕೇಳಿದರೂ ಅದೇ ಹೇಳುತ್ತಿದ್ದ. ಹತ್ತಿ ಬಟ್ಟೆ ಕುಗ್ಗುತ್ತದೆ, ಅದಕ್ಕೇ ಕತ್ತರಿ ಹಾಕುವ ಮೊದಲು ಒಗೆಯಬೇಕು. ಜೀವಮಾನವೆಲ್ಲ ಒಗೆಯುವುದೆಂದರೆ ಅವರಿಗೆ ಅದೇ ಅರ್ಥವಾಗಿತ್ತು.

ಟೀಚರಮ್ಮ ಬಂದದ್ದು ಟೈಲರು ನಾಲ್ಕನೆಯ ಸಲವೋ ಐದನೆಯ ಸಲವೋ ಬಾಗಿಲಿಗೆ ಹೋಗಿದ್ದಾಗ. ಕೋಟು ತೊಡಿಸಿ ನೋಡಿದ್ದಾಯಿತು. ಬೆನ್ನಿನ ಹತ್ತಿರ ಸ್ವಲ್ಪ ಸಡಿಲವಿತ್ತು. ಟೈಲರು ಗದ್ದದ ಮಾಸ್ಕನ್ನು ಇನ್ನಷ್ಟು ಕೆಳಗೆಳೆದು, ತುಟಿಯಿಂದ ಒಂದೊಂದೇ ಗುಂಡುಸೂಜಿ ತೆಗೆದು ಚುಚ್ಚಿದರು. ಆಮೇಲೆ ಕೊರಳಪಟ್ಟಿಯ ಕೆಳಗೆ ಗುಂಡಿ ಹೊಲಿದು, ಬಗ್ಗಿ, ಪಟ್ಟನೆ ದಾರ ಕಡಿದು, "ಉಫ್" ಎಂದು ಊದಿದರು. ಊದಿದ್ದೇ ತಪ್ಪಾಯಿತು. ಗಂಟಲಲ್ಲಿ ಅದುಮಿಟ್ಟಿದ್ದ ಕೆಮ್ಮು ಹೊರಗೇ ಬಂತು. ಅವರು ಮುಖ ತಿರುಗಿಸಿ ಎರಡು ಸಲ ಕೆಮ್ಮಿದರು.

ಟೀಚರಮ್ಮ ಚೀಲದಿಂದ ಕರವಸ್ತ್ರ ತೆಗೆದು ಕೊರಳಪಟ್ಟಿ ಒರೆಸಿದರು. ಅವರು ಮಾಸ್ಕ್ ಹಾಕಿದ್ದರಿಂದ ಮುಖದಲ್ಲಿ ಏನಿದೆಯೆಂದು ತಿಳಿಯಲಿಲ್ಲ, ಧ್ವನಿಯಲ್ಲಿ ಮಾತ್ರ ಅರ್ಧ ತಮಾಷೆಯಿತ್ತು.

"ಬೇಜಾರು ಮಾಡ್ಕೋಬೇಡಿ ಟೈಲರೇ. ನಿಮ್ಮ ಹೊಲಿಗೆಗೆ ಹೆಸರಿಡೋ ಹಾಗಿಲ್ಲ. ಆದ್ರೆ ನಿಮ್ಮ ಎಂಜಲಾಗದೆ ಒಂದು ಬಟ್ಟೇನೂ ಈ ಅಂಗಡಿಯಿಂದ ಆಚೆ ಹೋಗಲ್ಲ ನೋಡಿ."

"ಎಂಜಲಾ?"

"ಮತ್ತಿನ್ನೇನು? ನಾನು ಪ್ರತಿ ಸಲ ಮನೆಗೆ ತಗೊಂಡು ಹೋಗಿ ಒಗೆದೇ ಹಾಕ್ಕೊಳ್ಳೋದು."

"ಹೊಸ ಬಟ್ಟೇನ ಒಗೀತೀರಾ? ಹೊಲಿದ ಮೇಲೆ?"

"ಹೊಲಿದ ಮೇಲೇ ಅಲ್ವಾ ಒಗೀಬೇಕಾಗಿರೋದು? ನಮ್ಮ ಸ್ಕೂಲಲ್ಲಿ ಅರ್ಧಕ್ಕರ್ಧ ಮಕ್ಕಳು ಮಲಗಿದಾರೆ ಮಾರಾಯ್ರೆ. ಈ ಸಲದ ಕೆಮ್ಮು ಸಾಮಾನ್ಯದ್ದಲ್ಲ. ನೋಡ್ಕೊಳ್ಳಿ."

ಕೋಟು ಬಿಚ್ಚಿಟ್ಟು ಅವರು ಹೋದರು. ಟೈಲರಿಗೆ ಕೆಂಡದಂಥ ಕೋಪ ಬಂತು. "ಎಂಜಲಂತೆ! ಇಷ್ಟು ವರ್ಷ ಹಾಕ್ಕೊಂಡು ಮೆರೆದಿದ್ದು ಎಂಜಲು ಬಟ್ಟೇನಾ?" ಎಂದು ಗೋಡೆಗೆ ಕೇಳುವಂತೆ ಗೊಣಗಿಕೊಂಡರು. ಯಂತ್ರದ ಮೇಲಿದ್ದ ಪ್ಯಾಂಟಿನ ಅಂಚು ಮುಗಿಸಿ, ದಾರ ಕಡಿಯಲು ಬಾಯಿಗೆ ತಂದರು. ಹಲ್ಲು ತಾಗಿತು. ಅಲ್ಲಿಗೇ ನಿಂತಿತು.

ತೆಳುಹಳದಿ ಬಟ್ಟೆ ಕಣ್ಣ ಮುಂದೆ ಬಂತು. ಒಂದೊಂದಕ್ಕೂ ನಾಲ್ಕು ಮೂಲೆ. ನಾಲ್ಕು ಮೂಲೆಗೂ ಹಲ್ಲು, ನಾಲ್ಕು ಮೂಲೆಗೂ ಉಫ್. ಅದೂ ಒಳಮೈಯ ಕಡೆ, ಮೂಗು ಬಾಯಿ ತಾಗುವ ಕಡೆ. ಮೊನ್ನೆಯಿಂದ ಗಂಟಲಲ್ಲಿ ಇರುವುದು ಧೂಳಲ್ಲವೆಂದು ಅವರಿಗೆ ಮೊನ್ನೆಯೇ ಗೊತ್ತಿತ್ತು. ಗೊತ್ತಿಲ್ಲವೆಂದು ಅಂದುಕೊಂಡಿದ್ದರು, ಅಷ್ಟೇ.

ಫೋನು ಎತ್ತಿಕೊಂಡು ಅಳಿಯನಿಗೆ ಮಾಡಿದರು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದರು. ಇಲ್ಲ. ಮಗಳ ನಂಬರು ಒತ್ತಿದರು, ಒಂದು ಗಂಟೆ ಹೊಡೆಯುವಷ್ಟರಲ್ಲಿ ತಾವೇ ಕಟ್ ಮಾಡಿಬಿಟ್ಟರು. ಏನೆಂದು ಹೇಳುವುದು? ಕೆಮ್ಮಿದೆ ಎಂದರೆ ಅವಳು ಹತ್ತಿರ ಸೇರಿಸುವುದಿಲ್ಲ. ಇಷ್ಟು ದಿನ ಕಾದದ್ದೆಲ್ಲ ನೀರಿಗೆ ಹೋಗುತ್ತದೆ.

"ಯಾರಿಗ್ರೀ ಫೋನು?"

"ಗುಂಡಿ ಅಂಗಡಿಯೋನಿಗೆ."

ಅವರು ಎದ್ದರು, ಬಾಗಿಲಿಗೆ ಹೋದರು, ಬಂದರು. ಅಡುಗೆಮನೆಗೆ ಹೋಗಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಬಿಸಿನೀರು ಕುಡಿದು ನಾಲಿಗೆ ಸುಟ್ಟುಕೊಂಡರು. ಹಣೆ ಮುಟ್ಟಿ ನೋಡಿಕೊಂಡರು, ಜ್ವರವೇನೂ ಇರಲಿಲ್ಲ. ಅರ್ಧ ಕೆಮ್ಮು, ಅದಕ್ಕೆ ಇಷ್ಟೊಂದು ರಾದ್ಧಾಂತ ಯಾಕೆ? ತಾನು ಸರಿಯಾಗಿ ಮಾಸ್ಕ್ ಹಾಕಿಕೊಂಡೇ ಎತ್ತಿಕೊಳ್ಳುವುದಲ್ಲವೆ? ಇನ್ನು ಆ ಹಳದಿ ಮಾಸ್ಕುಗಳ ಮಾತು. ಅದಕ್ಕೂ ಒಂದು ದಾರಿ ಹೊಳೆಯಿತು. ಪಟ್ಟಿ ಸಡಿಲ ಬಿಟ್ಟಿದೆ, ಅಳತೆ ತಪ್ಪಿದೆ, ಬಿಚ್ಚಿ ಕೊಡಿ, ಸರಿ ಮಾಡಿಕೊಡುತ್ತೇನೆ ಎಂದರೆ ಮುಗಿಯಿತು. ಟೈಲರು ಅಳತೆ ತಪ್ಪಿದೆ ಎಂದರೆ ಯಾರು ಇಲ್ಲ ಅನ್ನುತ್ತಾರೆ? ಕೆಮ್ಮಿನ ಸುದ್ದಿ ಎತ್ತುವ ಅಗತ್ಯವೇ ಇಲ್ಲ.

ಈ ಉಪಾಯ ಹೊಳೆದ ಮೇಲೂ ಅವರಿಗೆ ಕೂರಲಾಗಲಿಲ್ಲ. ಪೇಟೆಯಿಂದ ಕೊಂಡು ತಂದಿದ್ದ ಮಾಸ್ಕೊಂದನ್ನು ತೆಗೆದು ಮೂಗಿನ ಮೇಲಿನಿಂದ ಹಾಕಿಕೊಂಡರು. ಕೈ ತೊಳೆದರು. ಒಣಗುವ ಮೊದಲೇ ಮತ್ತೆ ತೊಳೆದರು.

ಕೊನೆಗೂ ಕಾರು ಬಂತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿದರು, ಅವರ ಮುಖದ ಮೇಲೂ ಕೊಂಡು ತಂದ ಮಾಸ್ಕೇ ಇತ್ತು. ಅಳಿಯ ಇಳಿದು ಹಿಂದಿನ ಬಾಗಿಲು ತೆರೆದ. ಮಗಳು ಮೆಲ್ಲಗೆ, ತುಂಬಿದ ಬಟ್ಟಲು ಹಿಡಿದವಳಂತೆ ಇಳಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು ಅವಳ ಎದೆಗೆ ಒರಗಿತ್ತು. ಅವಳ ಮುಖದ ಮೇಲೆ ತೆಳುಹಳದಿ ಮಾಸ್ಕು. ಅದರ ಕೆಳಗೇ, ಒಂದು ಗೇಣು ದೂರವೂ ಇಲ್ಲದಷ್ಟು ಹತ್ತಿರ, ಮಗುವಿನ ಮುಖ.

"ಅಪ್ಪಾ, ನೋಡು! ಆಸ್ಪತ್ರೇಲಿ ನರ್ಸ್‌ಗಳೆಲ್ಲ ಎಲ್ಲಿ ತಗೊಂಡ್ರಿ ಅಂತ ಕೇಳಿದ್ರು. ನಮ್ಮಪ್ಪ ಹೊಲಿದಿದ್ದು ಅಂದೆ. ಎಷ್ಟು ಸರಿಯಾಗಿ ಕೂತಿದೆ ಗೊತ್ತಾ? ಎಳ್ಳಷ್ಟೂ ಸಡಿಲ ಇಲ್ಲ."

ಟೈಲರ ಉಪಾಯ ಅಲ್ಲಿಗೆ ಸತ್ತಿತು.

ಮಗಳ ಕಣ್ಣುಗಳು ನಗುತ್ತಿದ್ದವು. ಎರಡು ತಿಂಗಳಲ್ಲಿ ಮೊದಲ ಸಲ. ಅವಳು ಎರಡು ಹೆಜ್ಜೆ ಮುಂದೆ ಬಂದಳು. "ಕೈ ತೊಳೆದಿದ್ಯಾ? ಬಾ. ಅಮ್ಮನಿಗೂ ಮೊದಲು ನಿಂಗೇ ಕೊಡ್ಬೇಕು ಅಂತ ದಾರೀಲೇ ಅಂದ್ಕೊಂಡೆ. ತಗೋ, ಎತ್ಕೋ."

ಟೈಲರ ಕೈಗಳು ತಾವಾಗಿಯೇ ಮೇಲೆದ್ದಿದ್ದವು. ಮಗು ಬಾಯಿ ತೆರೆದು ಆಕಳಿಸಿತು. ಆ ಮೂಗು ಒಂದು ಶರ್ಟಿನ ಗುಂಡಿಯಷ್ಟೂ ಇರಲಿಲ್ಲ. ಅದರ ಹೊಳ್ಳೆಗಳು ಹಿಗ್ಗುತ್ತಿದ್ದವು, ಕುಗ್ಗುತ್ತಿದ್ದವು. ಎತ್ತಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕೆಮ್ಮೂ ಆ ಹೊತ್ತಿಗೆ ಮರ್ಯಾದೆಯಾಗಿ ಗಂಟಲಲ್ಲೇ ಕೂತಿತ್ತು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಮಗು ಅವರ ತೋಳಿನಲ್ಲಿರುತ್ತಿತ್ತು.

ಅವರು ಕೈಗಳನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡಮ್ಮ. ನಂಗೆ ಕೆಮ್ಮಿದೆ."

"ಏನು?"

"ಕೆಮ್ಮಿದೆ, ಮೊನ್ನೆಯಿಂದ. ನಿನ್ನ ಮುಖದ ಮೇಲಿರೋದನ್ನ ಮೊದಲು ತೆಗೆ. ದಾರ ಎಲ್ಲ ಬಾಯಲ್ಲೇ ಕಡಿದಿದ್ದೀನಿ."

ಮಗಳು ಕೂಗಾಡಲಿಲ್ಲ. ಮೊದಲು ಮುಖವನ್ನು ಮಗುವಿನಿಂದ ಪಕ್ಕಕ್ಕೆ ತಿರುಗಿಸಿದಳು. ಹಾಗೇ ಪಕ್ಕಕ್ಕೆ ತಿರುಗಿಸಿಕೊಂಡೇ ಮಗುವನ್ನು ತಾಯಿಯ ಕೈಗೆ ಕೊಟ್ಟಳು. ಆಮೇಲೆ ಮಾಸ್ಕನ್ನು ಕಿತ್ತು ಬಿಸಾಡಿ, ಅಂಗಡಿಯ ಪಕ್ಕದ ನಲ್ಲಿಗೆ ಹೋಗಿ ಮುಖ ತೊಳೆದಳು. ತೊಳೆದಳು, ಮತ್ತೆ ತೊಳೆದಳು. ಅಳಿಯನೂ ತನ್ನದನ್ನು ಬಿಚ್ಚಿದ.

"ಒಗೆದಿದ್ದೀನಿ ಅಂದ್ಯಲ್ಲಪ್ಪಾ?" ಮುಖದಿಂದ ನೀರು ಸುರಿಯುತ್ತಿರುವಾಗಲೇ ಮಗಳು ಕೇಳಿದಳು.

"ಒಗೆದಿದ್ದೆ. ಬಿಸಿನೀರಲ್ಲೇ. ಹೊಲಿಯೋಕೆ ಮುಂಚೆ."

"ಹೊಲಿಯೋಕೆ ಮುಂಚೆ ಒಗೆದು ಏನು ಬಂತು?"

"ಹತ್ತಿ ಬಟ್ಟೆ ಅಲ್ವಾ... ಕುಗ್ಗುತ್ತೆ ಅಂತ."

ಬೇರೆ ದಿನವಾಗಿದ್ದರೆ ಮನೆಯೆಲ್ಲ ನಕ್ಕು ಸುಸ್ತಾಗುತ್ತಿತ್ತು. ಇವತ್ತು ಯಾರೂ ನಗಲಿಲ್ಲ.

"ಒಂದು ಮಾತು ಅಪ್ಪ. ಕೆಮ್ಮು ಅಂತ ಒಂದೇ ಒಂದು ಮಾತು ಫೋನಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ದಾರಿಯುದ್ದಕ್ಕೂ ಅವಳ ಮುಖಕ್ಕೆ ಮುಖ ಇಟ್ಕೊಂಡು ಬಂದೆ ನಾನು."

"ಹೇಳಿದ್ರೆ ನೀನು ಎತ್ಕೊಳ್ಳೋಕೆ ಬಿಡ್ತಿರ್ಲಿಲ್ಲ."

ಮಗಳು ನಲ್ಲಿ ನಿಲ್ಲಿಸಿದಳು. ಒಳಗೆ ಹೋದಳು. ಕೋಣೆಯ ಬಾಗಿಲು ಮುಚ್ಚಿದ ಸದ್ದು ಅಂಗಡಿಗೆ ಸ್ಪಷ್ಟವಾಗಿ ಕೇಳಿಸಿತು.

ಅವತ್ತಿನಿಂದ ಟೈಲರ ವಾಸ ಅಂಗಡಿಯಲ್ಲೇ ಆಯಿತು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹಾಸಿಗೆ. ಹೆಂಡತಿ ಊಟದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದರು, ಜೊತೆಗೆ ಒಂದಿಷ್ಟು ಬೈಗುಳವನ್ನೂ ಬಡಿಸಿ ಹೋಗುತ್ತಿದ್ದರು.

"ನನ್ನ ಕಿವಿ ನೆಟ್ಟಗೇ ಇತ್ತು. ಧೂಳು ಅಂದಿದ್ದಕ್ಕೆ ಬಿಟ್ಬಿಟ್ನಲ್ಲ, ನನ್ನ ಬುದ್ಧಿ ನೆಟ್ಟಗಿರ್ಲಿಲ್ಲ."

"ಆಯ್ತು ಕಣೇ. ಮಗು ಹೇಗಿದೆ?"

"ಇದೆ."

"ಹಾಲು ಕುಡೀತಾ?"

"ಕುಡೀತು. ಮಗಳು ಹಾಲು ಕುಡಿಸುವಾಗ್ಲೂ ಮಾಸ್ಕ್ ತೆಗೀತಿಲ್ಲ. ನಿಮ್ಮ ಕೆಮ್ಮು ತನಗೇನಾದ್ರೂ ಅಂಟಿದ್ರೆ ಅಂತ. ಮಗೂಗೆ ಒಂದು ಮುತ್ತೂ ಕೊಟ್ಟಿಲ್ಲ ಅವಳು ಇವತ್ತಿನವರೆಗೂ."

ಅಷ್ಟು ಹೇಳಿ ಅವರು ಹೋಗಿಬಿಟ್ಟರು. ಟೈಲರು ತಟ್ಟೆಯನ್ನು ಬದಿಗೆ ಸರಿಸಿದರು. ತನ್ನನ್ನು ಹತ್ತಿರ ಸೇರಿಸದೆ ಇದ್ದದ್ದಕ್ಕಿಂತ ಈ ಮಾತು ಅವರನ್ನು ಹೆಚ್ಚು ಸುಟ್ಟಿತು. ತಾಯಿ ಮಗುವಿನ ನಡುವೆ ತಾನು ಹೋಗಿ ಕೂತಂತಾಯಿತಲ್ಲ ಎಂದು ಅವರಿಗೆ ಅನ್ನಿಸಿತು.

ಒಂದು ಸಂಜೆ ಗೋಡೆಯಾಚೆ ಮಗು ಸೀನಿತು. ಬೆಕ್ಕಿನ ಮರಿ ಸೀನಿದಷ್ಟು ಸಣ್ಣ ಸದ್ದು. ಅಷ್ಟಕ್ಕೇ ಇಡೀ ಮನೆ ಸ್ತಬ್ಧವಾಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಟೈಲರ ಕಾಲು ಪೆಡಲಿನ ಮೇಲೆ ನಿಂತಿತು. ಮಗಳು ಆಸ್ಪತ್ರೆಗೆ ಫೋನು ಮಾಡುವುದು ಕೇಳಿಸಿತು. "ಇಲ್ಲ, ಜ್ವರ ಇಲ್ಲ... ಕುಡಿದಳು... ಇಲ್ಲ, ತುಟಿ ಕೆಂಪಗೇ ಇದೆ..." ಟೈಲರು ಎದ್ದು ಗೋಡೆಗೆ ಕಿವಿಯಿಟ್ಟರು. ಕೂತರು. ಮತ್ತೆ ಎದ್ದರು. ಅಂಗಡಿಯ ಉದ್ದ ಅಗಲವನ್ನೆಲ್ಲ ಕಾಲಿನಲ್ಲಿ ಅಳೆದರು. ಚಿಕ್ಕ ಮಕ್ಕಳು ಸೀನುವುದು ಸಹಜ, ಉಸಿರಿನ ಮೇಲೆ ಕಣ್ಣಿಡಿ, ಏದುಸಿರು ಬಂದರೆ ಕೂಡಲೇ ಕರೆತನ್ನಿ ಎಂದು ಅತ್ತ ಕಡೆಯವರು ಹೇಳಿದರಂತೆ. ಹೆಂಡತಿ ಬಾಗಿಲ ಸಂದಿಯಿಂದ ಅಷ್ಟನ್ನು ತಿಳಿಸಿ ಹೋದರು. ಈ ಸಲ ಬೈಯಲಿಲ್ಲ.

ಮಗುವಿಗೆ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ, ಅದರ ಮರುದಿನವೂ ಇಲ್ಲ. ಮಗಳಿಗೂ ನೆಗಡಿ ಬರಲಿಲ್ಲ. ಆದರೆ ಬರಲಿಲ್ಲವೆಂದು ಧೈರ್ಯವಾಗಿ ಹೇಳುವಷ್ಟು ದಿನ ಕಳೆಯಬೇಕಲ್ಲ. ಆ ದಿನಗಳಲ್ಲಿ ಟೈಲರು ಬಹಳ ಕೆಲಸ ಮಾಡಿದರು. ಕೆಲಸವಿಲ್ಲದೆ ಕೂತರೆ ತಲೆ ಓಡುತ್ತಿತ್ತು. ಮಾಸ್ಕು ಈಗ ಮೂಗಿನ ಮೇಲಿತ್ತು. ಕನ್ನಡಕ ಮಂಜಾದಾಗ ನಿಲ್ಲಿಸಿ, ಒರೆಸಿ, ಮುಂದುವರಿಸುತ್ತಿದ್ದರು. ದಾರ ಕತ್ತರಿಸುವ ಪುಟ್ಟ ಕತ್ತರಿಯೊಂದನ್ನು ಲಾಡಿಯಿಂದ ಮಣಿಕಟ್ಟಿಗೆ ಕಟ್ಟಿಕೊಂಡರು. ಆದರೂ ಹಳೆಯ ಚಾಳಿ ಎಲ್ಲಿಗೆ ಹೋಗುತ್ತದೆ? ಹೊಲಿಗೆ ಮುಗಿದದ್ದೇ ಬಟ್ಟೆ ತಾನಾಗಿ ಬಾಯಿಗೆ ಏರುತ್ತಿತ್ತು, ಮಾಸ್ಕಿಗೆ ಬಡಿಯುತ್ತಿತ್ತು, ಟೈಲರು ತಮಗೆ ತಾವೇ ಬೈದುಕೊಳ್ಳುತ್ತಿದ್ದರು.

ಕೋಟು ತೆಗೆದುಕೊಂಡು ಹೋಗಲು ಬಂದ ಟೀಚರಮ್ಮ ಇದನ್ನೆಲ್ಲ ನೋಡಿ ಬಾಗಿಲಲ್ಲೇ ನಿಂತರು.

"ಒಳಗೆ ಬರಬಹುದಾ ಟೈಲರೇ? ಅಂಗಡಿ ಇದೇ ಅಲ್ವಾ?"

"ಅಲ್ಲೇ ಇರಿ ಟೀಚರ್. ಕೋಟು ಮೇಜಿನ ಮೇಲಿದೆ, ನಾನು ಈ ಕಡೆ ಸರಿದ ಮೇಲೆ ತಗೊಳ್ಳಿ. ನನ್ನ ಕೆಮ್ಮು ಇನ್ನೂ ಹೋಗಿಲ್ಲ. ಮತ್ತೆ..." ಅವರು ಕನ್ನಡಕ ಒರೆಸಿಕೊಂಡರು. "ಒಗೆದೇ ಹಾಕ್ಕೊಳ್ಳಿ. ಅದರ ಗುಂಡಿಗಳು ಈ ಕತ್ತರಿ ಬರೋ ಮುಂಚಿನ ಕಾಲದವು."

ಕೆಮ್ಮು, ನೆಗಡಿ ಇದ್ದ ಗಿರಾಕಿಗಳಿಗೆ ಅವರು ಮೈಯಳತೆ ತೆಗೆಯುವುದನ್ನೂ ನಿಲ್ಲಿಸಿದರು. ಹೊಂದುವ ಹಳೆಯ ಅಂಗಿಯೊಂದನ್ನು ಕಳಿಸಿ, ಅದರ ಅಳತೆಗೇ ಹೊಲಿಯುತ್ತೇನೆ ಎನ್ನುತ್ತಿದ್ದರು. ಕೆಲವರು ಮುಖ ಊದಿಸಿಕೊಂಡು ಹೋದರು. ಹೋಗಲಿ ಎಂದರು.

ಆಮೇಲೊಂದು ದಿನ ಮಧ್ಯಾಹ್ನ, ಒಳಬಾಗಿಲಲ್ಲಿ ಮಗಳು ಬಂದು ನಿಂತಳು. ಕಾರಿನಿಂದಿಳಿದ ದಿನದ ನಂತರ ಅವಳು ಅಪ್ಪನ ಹತ್ತಿರ ನೇರವಾಗಿ ಮಾತಾಡಿರಲಿಲ್ಲ.

"ಕೆಮ್ಮು ಹೇಗಿದೆ?"

"ಪರವಾಗಿಲ್ಲಮ್ಮ."

"ಅಮ್ಮ ಹೇಳಿದ್ಲು, ಈಗ ಕೇಳಿಸ್ತಾನೇ ಇಲ್ಲ ಅಂತ." ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. "ಅವಳು ಎದ್ದಿದಾಳೆ. ಬೇಕಾದ್ರೆ ಬಾ. ಮಾಸ್ಕ್ ಹಾಕ್ಕೊಂಡು ಸ್ವಲ್ಪ ಹೊತ್ತು ಎತ್ಕೋ."

ಟೈಲರು ಯಂತ್ರದಿಂದ ಅರ್ಧ ಎದ್ದವರು ಮತ್ತೆ ಕೂತರು. ಹಗಲು ಕೆಮ್ಮು ಇರಲಿಲ್ಲ, ನಿಜ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದಾಗ ಗಂಟಲು ಇನ್ನೂ ಕೆರೆಯುತ್ತಿತ್ತು. ಅದನ್ನು ಅವರು ದಿಂಬಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮುತ್ತಿದ್ದರು, ಮಗು ಏಳದಿರಲಿ ಎಂದು. ಹಾಗಾಗಿ ಅದು ಅವರೊಬ್ಬರಿಗೇ ಗೊತ್ತಿತ್ತು.

"ಬೆಳಿಗ್ಗೆ ಹೊತ್ತು ಇನ್ನೂ ಬರ್ತಿದೆ ಕಣಮ್ಮ. ಪೂರ್ತಿ ಹೋಗ್ಲಿ. ಆಮೇಲೆ ಬರ್ತೀನಿ."

ಮಗಳು ಅವರನ್ನೇ ನೋಡಿದಳು. ಹೋಗಲಿಲ್ಲ. ಮೇಜಿನ ಮೇಲೆ ಹರಡಿದ್ದ ಮೆತ್ತನೆಯ ಬಿಳಿ ಬಟ್ಟೆ ಅವಳ ಕಣ್ಣಿಗೆ ಬಿತ್ತು. ಅದಕ್ಕಿನ್ನೂ ಕತ್ತರಿ ಬಿದ್ದಿರಲಿಲ್ಲ.

"ಇದೇನು?"

"ಅವಳಿಗೊಂದು ಅಂಗಿ ಹೊಲಿಯೋಣ ಅಂತ. ಎಲ್ಲ ಆದ್ಮೇಲೆ ಒಗೆದೇ ಕೊಡ್ತೀನಿ, ಹೆದರ್ಬೇಡ. ಅಳತೆ ಗೊತ್ತಿಲ್ಲ, ಅದಕ್ಕೇ ಹಾಗೇ ಇಟ್ಟಿದ್ದೀನಿ."

"ಟೇಪು ಕೊಡು. ನಾನು ತಗೊಂಡು ಹೇಳ್ತೀನಿ."

ಟೈಲರು ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪಿಗೆ ಕೈ ಹಾಕಿದವರು ಬಿಟ್ಟರು. "ಇದು ಬೇಡ. ಅಮ್ಮನ ಹೊಲಿಗೆ ಡಬ್ಬೀಲಿ ಹೊಸದೊಂದಿದೆ ನೋಡು."

ಮಗಳ ಕಣ್ಣಂಚು ಸ್ವಲ್ಪ ಸಡಿಲವಾಯಿತು. ಅವಳು ಒಳಗೆ ಹೋದಳು. ಡಬ್ಬಿ ತೆರೆದ ಸದ್ದಾಯಿತು, ಮಗುವನ್ನು ಮಾತಾಡಿಸುವ ಸದ್ದಾಯಿತು. ಟೈಲರು ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು.

"ತೋಳಿನುದ್ದ ಮೊದಲು ಹೇಳು."

"ಕೈ ನೆಟ್ಟಗೇ ಇಡ್ತಿಲ್ಲ ಇವಳು... ತಾಳು... ಅಪ್ಪಾ, ನಾಲ್ಕಂಗುಲವೂ ಇಲ್ಲ!"

"ಇರ್ಲಿ, ಬೆಳೀತಾಳೆ. ಭುಜ?"

ಮಗಳು ಹೇಳಿದಳು. ಟೈಲರು ಬಟ್ಟೆಯ ಅಂಚಿನಲ್ಲಿ ಗುರುತು ಹಾಕಿಕೊಂಡರು. ಇಷ್ಟು ಚಿಕ್ಕ ಅಳತೆಯನ್ನು ಅವರು ಎಂದೂ ಬರೆದಿರಲಿಲ್ಲ.

"ಎದೆ ಸುತ್ತಳತೆ?"

ಗೋಡೆಯಾಚೆಯಿಂದ ಮಾತು ಬರಲಿಲ್ಲ. ಟೈಲರು ಕಾದರು. ಇನ್ನೂ ಬರಲಿಲ್ಲ. ಅವರು ಸ್ಟೂಲಿನಿಂದ ಎದ್ದೇಬಿಟ್ಟರು. "ಏನಾಯ್ತಮ್ಮ?"

"ಏನಿಲ್ಲಪ್ಪ. ಎದೆ ಅಳತೆ ಸಿಕ್ತಾನೇ ಇಲ್ಲ. ಇವಳು ಉಸಿರಾಡ್ತಾಳಲ್ಲ, ಟೇಪು ಒಂದು ಕಡೆ ನಿಲ್ತಿಲ್ಲ. ಒಂದೊಂದ್ಸಲ ಒಂದೊಂದು ಥರ ಬರ್ತಿದೆ. ಯಾವುದು ಹೇಳ್ಲಿ?"

ಟೈಲರು ಮೆಲ್ಲಗೆ ಕೂತರು.

"ಆತುರ ಮಾಡ್ಬೇಡ. ಅವಳು ಪೂರ್ತಿ ಉಸಿರು ತಗೊಳ್ಳೋವರೆಗೂ ಕಾಯಿ. ಆ ಅಳತೆಗೇ ಅಂಗಿ ಹೊಲಿಯೋದು."

ಆಚೆ ಮಗಳು ಕಾದಳು. ಈಚೆ ಟೈಲರು ಸೀಮೆಸುಣ್ಣ ಹಿಡಿದುಕೊಂಡು ಕಾದರು.